ಹೊಯ್ಗೆಯಲ್ಲಿ ಓಡಿದರೆ ಕಾಲಿಗೆ ಬಲ ಬರುವುದೇ?

ಮಳೆಗಾಲ ಮುಗಿದು ಬಿಸಿಲು ಮುಖ ತೋರಿಸುವ ಹೊತ್ತಿಗೆ ಶಾಲೆ ಕಾಲೇಜುಗಳಲ್ಲಿ ವಾರ್ಷಿಕ ಕ್ರೀಡಾಕೂಟದ ತಯಾರಿ ಶುರುವಾಗುತ್ತದೆ. ಕದ್ರಿ ಪಾರ್ಕಿನಲ್ಲಿ ಬೆಳಗ್ಗೆ ನಡೆಯಲು ಬರುವ ಹಿರಿಯರ ನಡುವೆ ಈ ದಿನಗಳಲ್ಲಿ ಬೂಟು ಕಟ್ಟಿಕೊಂಡು ಓಡುವ ಮಕ್ಕಳೂ, ಅವರ ಹಿಂದೆ ಗಡಿಯಾರ ನೋಡುತ್ತಾ ನಿಂತ ತಂದೆತಾಯಂದಿರೂ ಕಾಣಸಿಗುತ್ತಾರೆ. ಇಂಥವರಿಗೆ ಪರಿಚಿತರಿಂದ ತಪ್ಪದೇ ಸಿಗುವ ಸಲಹೆಯೊಂದಿದೆ: "ಮಗುವನ್ನು ಹೊಯ್ಗೆಯಲ್ಲಿ ಓಡಿಸಿ, ಕಾಲು ಗಟ್ಟಿಯಾಗುತ್ತದೆ." ಸಲಹೆ ಕೇಳಿದವರು ಭಾನುವಾರ ಬೆಳಗ್ಗೆ ಮಗುವನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪಣಂಬೂರಿಗೋ ತಣ್ಣೀರುಬಾವಿಗೋ ಹೋಗುತ್ತಾರೆ. ಹೋದದ್ದಕ್ಕೆ ಸಾರ್ಥಕವಾಗಲಿ ಎಂದು ಒಂದು ಗಂಟೆ ಓಡಿಸುತ್ತಾರೆ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಕೆಲವು ಮಕ್ಕಳು ನಿಜಕ್ಕೂ ಚುರುಕಾಗುತ್ತಾರೆ. ಇನ್ನು ಕೆಲವರು ಹಿಮ್ಮಡಿ ಹಿಡಿದುಕೊಂಡು ಕುಂಟುತ್ತಾ, ಕ್ರೀಡಾಕೂಟದ ದಿನ ಮೈದಾನದ ಬದಿಯಲ್ಲಿ ಕುಳಿತಿರುತ್ತಾರೆ.

ಹಾಗಾದರೆ ಸಲಹೆ ತಪ್ಪೇ? ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ಮರಳನ್ನು ಔಷಧಿಯ ಹಾಗೆ ನೋಡಬೇಕು. ಯಾರಿಗೆ, ಎಷ್ಟು ಪ್ರಮಾಣ, ಯಾವಾಗ ನಿಲ್ಲಿಸುವುದು ಎಂಬುದು ತಿಳಿದಿದ್ದರೆ ಅದರಷ್ಟು ಒಳ್ಳೆಯ, ಅದರಷ್ಟು ಅಗ್ಗದ ವ್ಯಾಯಾಮಶಾಲೆ ಇನ್ನೊಂದಿಲ್ಲ. ಈ ವಾರ ಅದನ್ನೇ ವಿಚಾರಿಸೋಣ.

ಗಟ್ಟಿ ನೆಲದ ಪುಟಿತ

ನಿಮ್ಮ ಮೀನಖಂಡದ ಕೆಳಗೆ, ಹಿಮ್ಮಡಿಯ ಮೇಲ್ಭಾಗದಲ್ಲಿ ಬೆರಳಿಟ್ಟು ನೋಡಿ. ಹುರಿಹಗ್ಗದಂತೆ ಗಟ್ಟಿಯಾದ ಒಂದು ಪಟ್ಟಿ ಸಿಗುತ್ತದೆ. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಎಲುಬಿಗೆ ಬಿಗಿಯುವ ಈ ಪಟ್ಟಿಯನ್ನು ವೈದ್ಯರು ಅಕಿಲಿಸ್ ಸ್ನಾಯುರಜ್ಜು ಎನ್ನುತ್ತಾರೆ. ಓಡುವಾಗ ಪಾದ ನೆಲಕ್ಕೆ ತಾಗಿದ ಕೂಡಲೇ ಇದು ರಬ್ಬರಿನಂತೆ ಹಿಗ್ಗುತ್ತದೆ. ಪಾದ ನೆಲ ಬಿಡುವಾಗ ಕುಗ್ಗಿ, ಕೂಡಿಟ್ಟಿದ್ದ ಶಕ್ತಿಯನ್ನು ನಮಗೆ ಹಿಂದಿರುಗಿಸುತ್ತದೆ. ಅಂಗಾಲಿನ ಕಮಾನು ಮಾಡುವುದೂ ಇದೇ ಕೆಲಸ. ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಮೆಕ್‌ನೀಲ್ ಅಲೆಗ್ಸಾಂಡರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಓಟದ ಒಂದೊಂದು ಹೆಜ್ಜೆಯಲ್ಲೂ ದೇಹ ಕಳೆದುಕೊಂಡು ಮತ್ತೆ ಗಳಿಸಬೇಕಾದ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಈ ರಜ್ಜುವೂ, ಸುಮಾರು ಆರರಲ್ಲೊಂದು ಪಾಲನ್ನು ಅಂಗಾಲಿನ ಕಮಾನೂ ಕೂಡಿಟ್ಟುಕೊಳ್ಳುತ್ತವೆ. ಅಂದರೆ ಹತ್ತಿರ ಹತ್ತಿರ ಅರ್ಧದಷ್ಟು ಕೆಲಸ ಪುಕ್ಕಟೆಯಾಗಿ ನಡೆದುಹೋಗುತ್ತದೆ!

ಈ ಪುಕ್ಕಟೆ ಪುಟಿತ ಸಿಗಬೇಕಾದರೆ ಕಾಲ ಕೆಳಗಿನ ನೆಲ ಗಟ್ಟಿಯಿರಬೇಕು. ಚೆಂಡನ್ನು ಸಿಮೆಂಟು ನೆಲಕ್ಕೆ ಎಸೆದರೆ ಪುಟಿಯುತ್ತದೆ, ಹೊಯ್ಗೆಗೆ ಎಸೆದರೆ ಅಲ್ಲೇ ಹೂತು ಕೂರುತ್ತದೆ. ಪಾದದ ಕತೆಯೂ ಅಷ್ಟೆ. ಒಣ ಮರಳಿನಲ್ಲಿ ಪಾದ ಇಟ್ಟಾಗ ಕಾಳುಗಳು ಒಂದರ ಮೇಲೊಂದು ಉಜ್ಜಿ ಸರಿದು ಶಕ್ತಿಯನ್ನು ನುಂಗಿಬಿಡುತ್ತವೆ. ಮುಂದಕ್ಕೆ ಒತ್ತಿದಾಗ ಮರಳು ಹಿಂದಕ್ಕೆ ಜಾರುತ್ತದೆ. ರಜ್ಜು ಕೊಡಬೇಕಾಗಿದ್ದ ಬಾಬ್ತನ್ನು ಸ್ನಾಯುಗಳೇ ತಮ್ಮ ಕೈಯಿಂದ ಭರಿಸಬೇಕಾಗುತ್ತದೆ. ತೊಡೆ, ಪೃಷ್ಠ, ಮೀನಖಂಡ ಮೂರಕ್ಕೂ ದುಡಿಮೆ ಹೆಚ್ಚುತ್ತದೆ. ಪಾದ ಅತ್ತಿತ್ತ ವಾಲದಂತೆ ಹಿಡಿಯುವ ಸಣ್ಣಪುಟ್ಟ ಸ್ನಾಯುಗಳಿಗೂ ಎಚ್ಚರ ತಪ್ಪುವಂತಿಲ್ಲ. ಮರಳು ಬಲ ಕೊಡುವ ಗುಟ್ಟು ಇಷ್ಟೇ. ಮರಳಿನಲ್ಲಿ ಏನೋ ವಿಶೇಷ ಗುಣವಿದೆ ಎಂದಲ್ಲ. ಗಟ್ಟಿ ನೆಲ ಮಾಡುವ ಉಪಕಾರವನ್ನು ಅದು ಮಾಡುವುದಿಲ್ಲ.

ಈ ಹೆಚ್ಚುವರಿ ದುಡಿಮೆ ಎಷ್ಟು? ಬೆಲ್ಜಿಯಂ ದೇಶದ ಲೂವೇನ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು 1998ರಲ್ಲಿ ಪ್ರಕಟಿಸಿದ್ದಾರೆ. ಅದೇ ವೇಗದಲ್ಲಿ ಗಟ್ಟಿ ನೆಲದ ಮೇಲೆ ಓಡುವುದಕ್ಕಿಂತ ಮರಳಿನಲ್ಲಿ ಓಡಲು ದೇಹ ಸುಮಾರು 1.6 ಪಟ್ಟು ಶಕ್ತಿ ಖರ್ಚು ಮಾಡುತ್ತದೆ. ನಡಿಗೆಯ ಲೆಕ್ಕ ಇನ್ನೂ ಕುತೂಹಲದ್ದು. ಮರಳಿನಲ್ಲಿ ನಡೆಯಲು 2.1ರಿಂದ 2.7 ಪಟ್ಟು ಶಕ್ತಿ ಬೇಕು. ನಡಿಗೆಯೇ ಹೆಚ್ಚು ದುಬಾರಿ ಎಂಬುದನ್ನು ಓದುಗರು, ವಿಶೇಷವಾಗಿ ಮೊಮ್ಮಕ್ಕಳ ಜತೆ ಕಡಲತೀರಕ್ಕೆ ಹೋಗುವ ಅಜ್ಜಂದಿರು ನೆನಪಿಡಬೇಕು. ಆ ವಿಷಯ ಮುಂದೆ ಬರುತ್ತದೆ.

ಕಂಬಳದ ಕರೆ, ಕಡಲ ದಂಡೆ

ನಮ್ಮ ಕರಾವಳಿಯವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಕದ್ರಿ ಕಂಬಳ ಎಂದು ಇಂದಿಗೂ ಒಂದು ಬಡಾವಣೆಯ ಹೆಸರಿದೆ. ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಸಂಬಂಧಪಟ್ಟ ಕಂಬಳ ಹಿಂದೆ ಅಲ್ಲಿ ನಡೆಯುತ್ತಿತ್ತು. ಅದಕ್ಕೆ ದೇವರ ಕಂಬಳ ಎಂದೂ ಅರಸು ಕಂಬಳ ಎಂದೂ ಹೆಸರು. ಗದ್ದೆಯಿದ್ದ ಜಾಗದಲ್ಲಿ ಈಗ ಮನೆ, ಅಂಗಡಿ, ಫ್ಲ್ಯಾಟುಗಳು ಎದ್ದಿವೆ. ಹೆಸರು ಮಾತ್ರ ಉಳಿದಿದೆ. ಕೋಣಗಳ ಹಿಂದೆ ನೀರು, ಕೆಸರು, ಹೊಯ್ಗೆ ಕಲಸಿದ ಕರೆಯಲ್ಲಿ ಬರಿಗಾಲಲ್ಲಿ ಓಡುವವನ ತೊಡೆ, ಮೀನಖಂಡಗಳನ್ನು ನೋಡಿದವರಿಗೆ ಮೆತ್ತನೆಯ ನೆಲ ಏನು ಮಾಡಬಲ್ಲದು ಎಂದು ಬೇರೆ ಹೇಳಬೇಕಿಲ್ಲ. ಮಲ್ಪೆ, ಉಳ್ಳಾಲದ ಕಡೆ ಕೈರಂಪಣಿ ಬಲೆ ಎಳೆಯುವವರನ್ನೂ ನೋಡಿ. ಹಿಮ್ಮಡಿಯನ್ನು ಮರಳಿಗೆ ಊರಿ, ಮೈಯನ್ನು ಹಿಂದಕ್ಕೆ ಚೆಲ್ಲಿ, ಹೆಜ್ಜೆ ಹೆಜ್ಜೆಯಾಗಿ ಸಮುದ್ರದಿಂದ ಬಲೆ ಎಳೆದು ತರುವುದು ಯಾವ ಜಿಮ್ಮಿನ ಯಂತ್ರಕ್ಕೂ ಕಡಿಮೆಯಲ್ಲ.

ಇದೇ ಅರಬ್ಬೀ ಸಮುದ್ರದ ದಂಡೆಯಲ್ಲಿ, ನಮ್ಮಿಂದ ತೆಂಕಣಕ್ಕೆ ಕೇರಳದ ಪಯ್ಯೋಳಿಯಲ್ಲಿ, ತರಬೇತುದಾರ ಒ.ಎಂ. ನಂಬಿಯಾರ್ ಅವರು ಪಿ.ಟಿ. ಉಷಾ ಅವರನ್ನು ಮರಳಿನ ಮೇಲೆ ಓಡಿಸಿ ತಯಾರು ಮಾಡಿದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಓಟವನ್ನು 55.42 ಸೆಕೆಂಡಿನಲ್ಲಿ ಮುಗಿಸಿದ ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿಸಿಕೊಂಡದ್ದು ಎಲ್ಲರಿಗೂ ಗೊತ್ತು. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಅವರು ನಾಲ್ಕು ಚಿನ್ನ ಗೆದ್ದರು. ಅವರಿಗಿಂತ ಮೊದಲೇ ಆಸ್ಟ್ರೇಲಿಯಾದ ಪೋರ್ಟ್‌ಸೀ ಎಂಬಲ್ಲಿ ಪರ್ಸಿ ಸೆರುಟಿ ಎಂಬ ವಿಚಿತ್ರ ಸ್ವಭಾವದ ಗುರು ತನ್ನ ಶಿಷ್ಯರನ್ನು ಕಡಿದಾದ ಮರಳು ದಿಬ್ಬಗಳ ಮೇಲೆ ಓಡಿಸುತ್ತಿದ್ದ. ಆ ಶಿಷ್ಯರಲ್ಲೊಬ್ಬನಾದ ಹರ್ಬ್ ಎಲಿಯಟ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಓಟವನ್ನು 3 ನಿಮಿಷ 35.6 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದ.

ಆದರೆ ಇಲ್ಲೇ ಒಂದು ಎಚ್ಚರಿಕೆ. ಉಷಾ ಆಗಲಿ ಎಲಿಯಟ್ ಆಗಲಿ ಮರಳಿನಲ್ಲಿ ಮಾತ್ರ ಓಡಿ ಗೆದ್ದವರಲ್ಲ. ಟ್ರ್ಯಾಕಿನ ಅಭ್ಯಾಸದ ಜತೆಗೆ ಮರಳು ಇತ್ತು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಭಾರತೀಯ ಕ್ರೀಡಾ ಪ್ರಾಧಿಕಾರ ಪರೀಕ್ಷೆಗೆ ಕರೆಯಿತು. ಗೌಡರು ಹೋಗಲಿಲ್ಲ, ಕಂಬಳದ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಎಂದರು. ಹೋಲಿಕೆ ಮಾಡಿದವರಿಗಿಂತ ಅವರ ಮಾತೇ ಶಾಸ್ತ್ರಕ್ಕೆ ಹತ್ತಿರ ಎಂದು ನನ್ನ ಅಭಿಪ್ರಾಯ. ಕೋಣಗಳ ಎಳೆತವನ್ನು ಬದಿಗಿಟ್ಟರೂ, ಕೆಸರಿನಲ್ಲಿ ಪಾದ ಊರುವ ರೀತಿ ಒಂದು, ಗಟ್ಟಿ ಟ್ರ್ಯಾಕಿನಲ್ಲಿ ಮುಂಗಾಲಿನಿಂದ ಪುಟಿಯುವ ರೀತಿ ಇನ್ನೊಂದು. ದೇಹ ಯಾವುದನ್ನು ಅಭ್ಯಾಸ ಮಾಡುತ್ತದೋ ಅದನ್ನೇ ಕಲಿಯುತ್ತದೆ.

ಲಾಭ ಎಲ್ಲಿ, ಮಿತಿ ಎಲ್ಲಿ?

2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಮಾತನ್ನು ಚೆನ್ನಾಗಿ ತೋರಿಸುತ್ತದೆ. ಫುಟ್‌ಬಾಲ್ ಆಟಗಾರರನ್ನು ಎರಡು ಗುಂಪು ಮಾಡಿ, ನಾಲ್ಕು ವಾರ ಒಂದು ಗುಂಪಿಗೆ ಹುಲ್ಲಿನ ಮೇಲೆ, ಇನ್ನೊಂದಕ್ಕೆ ಮರಳಿನ ಮೇಲೆ ನೆಗೆತದ ವ್ಯಾಯಾಮ ಮಾಡಿಸಿದರು. ಸಣ್ಣ ದೂರದ ಓಟದಲ್ಲಿ ಎರಡೂ ಗುಂಪು ಒಂದೇ ತೆರನಾಗಿ ಸುಧಾರಿಸಿದವು. ಕುಕ್ಕರಗಾಲಿನಲ್ಲಿ ಒಂದು ಕ್ಷಣ ನಿಂತು ಅಲ್ಲಿಂದ ಮೇಲಕ್ಕೆ ನೆಗೆಯುವುದರಲ್ಲೂ ಇಬ್ಬರಿಗೂ ಲಾಭವಾಯಿತು. ಆದರೆ ಸರ್ರನೆ ಬಗ್ಗಿ ಆ ವೇಗದಲ್ಲೇ ಪುಟಿದು ನೆಗೆಯುವುದರಲ್ಲಿ, ಅಂದರೆ ರಜ್ಜುವಿನ ಪುಟಿತ ಬೇಕಾಗುವ ನೆಗೆತದಲ್ಲಿ, ಹುಲ್ಲಿನ ಗುಂಪೇ ಮುಂದೆ. ಮರಳಿನ ಗುಂಪಿಗೆ ಸಿಕ್ಕ ದೊಡ್ಡ ಅನುಕೂಲವೆಂದರೆ ಮೈಕೈ ನೋವು ಕಡಿಮೆ. ನೆಗೆದು ಇಳಿಯುವಾಗಿನ ಪೆಟ್ಟನ್ನು ಮರಳು ತಾನು ನುಂಗಿಕೊಳ್ಳುತ್ತದಲ್ಲ!

ಆದ್ದರಿಂದ ಎತ್ತರ ಜಿಗಿತ, ಉದ್ದ ಜಿಗಿತದ ಮಕ್ಕಳು ಮರಳಿನ ಮೇಲಷ್ಟೇ ನೆಗೆಯುತ್ತಾ ಕೂತರೆ ಕ್ರೀಡಾಕೂಟದ ದಿನ ಕಾಲು "ಭಾರ" ಎನ್ನಿಸುತ್ತದೆ. ಬಲ ಬಂದಿರುತ್ತದೆ, ಪುಟಿತ ಮಂಕಾಗಿರುತ್ತದೆ. ಕಬಡ್ಡಿ, ಖೊಖೊ, ವಾಲಿಬಾಲ್, ಫುಟ್‌ಬಾಲ್ ಆಡುವವರಿಗೆ ಮರಳಿನಿಂದ ಲಾಭ ಹೆಚ್ಚು, ಏಕೆಂದರೆ ಅಲ್ಲಿ ನಿಂತಲ್ಲಿಂದ ಹೊರಡುವ, ಅಡ್ಡ ಜಿಗಿಯುವ, ಥಟ್ಟನೆ ತಿರುಗುವ ಕೆಲಸ ಬಹಳ. ಹೊರಡುವ ಮೊದಲ ಎರಡು ಮೂರು ಹೆಜ್ಜೆಗಳಲ್ಲಿ ಪುಟಿತಕ್ಕಿಂತ ಸ್ನಾಯುವಿನ ಶಕ್ತಿಯೇ ಮುಖ್ಯ. 1996ರ ಅಟ್ಲಾಂಟಾದಿಂದ ಒಲಿಂಪಿಕ್ಸ್‌ನಲ್ಲಿರುವ ಬೀಚ್ ವಾಲಿಬಾಲ್‌ನಲ್ಲಿ ಅಂಕಣದ ಮರಳು ಕನಿಷ್ಠ 40 ಸೆಂಟಿಮೀಟರ್ ಆಳವಿರಬೇಕೆಂಬ ನಿಯಮವಿದೆ. ಅಷ್ಟು ಆಳದ ಮರಳಿನಲ್ಲಿ ಇಬ್ಬರೇ ಆಟಗಾರರು 16 ಮೀಟರ್ ಉದ್ದ, 8 ಮೀಟರ್ ಅಗಲದ ಅಂಕಣದ ತಮ್ಮ ಅರ್ಧವನ್ನು ಕಾಯುವುದನ್ನು ಟಿವಿಯಲ್ಲಿ ನೋಡಿದರೆ ಚುರುಕುತನ ಎಂದರೇನು ಎಂದು ತಿಳಿಯುತ್ತದೆ.

ಎಳೆಯ ಹಿಮ್ಮಡಿ

ಈಗ ಕುಂಟುವ ಮಕ್ಕಳ ವಿಷಯ. ಸುಮಾರು 8ರಿಂದ 14 ವರ್ಷದೊಳಗಿನ ಮಕ್ಕಳ ಹಿಮ್ಮಡಿಯ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ಅಕಿಲಿಸ್ ರಜ್ಜು ಬಂದು ಅಂಟಿಕೊಳ್ಳುವ ಜಾಗದಲ್ಲೇ ಮೆತ್ತನೆಯ ಮೃದ್ವಸ್ಥಿಯ ಒಂದು ಪದರವಿರುತ್ತದೆ. ಮಗು ಒಮ್ಮೆಲೇ ಎತ್ತರಕ್ಕೆ ಬೆಳೆಯುವ ವರ್ಷಗಳಲ್ಲಿ ಎಲುಬು ಬೇಗ ಉದ್ದವಾಗುತ್ತದೆ, ಮೀನಖಂಡ ಹಿಂದುಳಿಯುತ್ತದೆ. ರಜ್ಜು ಆ ಪದರವನ್ನು ಜಗ್ಗುತ್ತಲೇ ಇರುತ್ತದೆ. ಅಂಥ ಮಗುವನ್ನು ಒಣ ಮರಳಿನಲ್ಲಿ ಓಡಿಸಿದಾಗ ಏನಾಗುತ್ತದೆ? ಹಿಮ್ಮಡಿ ಮರಳಿನೊಳಗೆ ಇಳಿಯುತ್ತದೆ, ಬೆರಳು ಮೇಲೆ ಉಳಿಯುತ್ತದೆ, ರಜ್ಜು ಇನ್ನಷ್ಟು ಎಳೆಯಲ್ಪಡುತ್ತದೆ. ಗಂಟೆಗಟ್ಟಲೆ ಹೀಗಾದರೆ ಆ ಜಾಗ ಕೆರಳಿ ನೋಯುತ್ತದೆ. ವೈದ್ಯರು ಇದನ್ನು ಸೀವರ್ ನೋವು ಎನ್ನುತ್ತಾರೆ.

ಗುರುತಿಸುವುದು ಸುಲಭ. ಹಿಮ್ಮಡಿಯನ್ನು ಎರಡೂ ಬದಿಯಿಂದ ಹೆಬ್ಬೆರಳು, ತೋರುಬೆರಳಿನ ನಡುವೆ ಮೆಲ್ಲಗೆ ಒತ್ತಿ. ಮಗು "ಆಯ್" ಎಂದರೆ, ಆಟ ಮುಗಿದ ಮೇಲೆ ಕುಂಟಿದರೆ, ತುದಿಗಾಲಲ್ಲಿ ನಡೆದರೆ, ಅನುಮಾನ ಪಡಿ. ಗಾಬರಿ ಬೇಡ, ಇದು ಎಲುಬು ಬೆಳೆದು ಮುಗಿದಂತೆ ತಾನಾಗಿ ಹೋಗುವ ನೋವು. ಆದರೆ ಮರಳೂ ಓಟವೂ ಕೆಲವು ವಾರ ನಿಲ್ಲಲೇಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡಿ, ಮೆತ್ತನೆಯ ಹಿಮ್ಮಡಿಯಿರುವ ಬೂಟು ಕೊಡಿ, ನೋವು ತಗ್ಗಿದ ಮೇಲೆ ಮೀನಖಂಡವನ್ನು ನಿಧಾನವಾಗಿ ಹಿಗ್ಗಿಸುವ ವ್ಯಾಯಾಮ ಮಾಡಿಸಿ. ಊತ, ಜ್ವರ, ರಾತ್ರಿ ನಿದ್ದೆಯಲ್ಲೂ ನೋವು, ಅಥವಾ ಪೆಟ್ಟು ಬಿದ್ದ ಮೇಲೆ ಕಾಲೂರಲಾಗದ ಸ್ಥಿತಿ ಇದ್ದರೆ ಮನೆಮದ್ದು ಮಾಡುತ್ತಾ ಕೂರದೆ ವೈದ್ಯರಿಗೆ ತೋರಿಸಿ. "ನೋವಿದ್ದರೆ ಓಡಿದರೇ ಹೋಗುತ್ತದೆ" ಎಂಬ ಮಾತನ್ನು ಮಾತ್ರ ಯಾರು ಹೇಳಿದರೂ ಕೇಳಬೇಡಿ. ಪದಕಕ್ಕಾಗಿ ನೋವು ಮುಚ್ಚಿಟ್ಟುಕೊಳ್ಳುವ ಮಕ್ಕಳೂ ಇದ್ದಾರೆ. ಅಪ್ಪನ ಮುಖ ಸಣ್ಣದಾದೀತು ಎಂಬ ಹೆದರಿಕೆ ಅವರಿಗೆ. ಬೆಳಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹತ್ತು ಹೆಜ್ಜೆ ಹೇಗಿಡುತ್ತದೆ ಎಂದು ಗಮನಿಸಿದರೆ ಕೇಳದೆಯೂ ಗೊತ್ತಾಗುತ್ತದೆ.

ದೊಡ್ಡವರಿಗೂ ರಜ್ಜುವಿನ ನೋವು ತಪ್ಪಿದ್ದಲ್ಲ. ವಾರವಿಡೀ ಕಚೇರಿಯ ಕುರ್ಚಿಯಲ್ಲಿ ಕೂತು, ಭಾನುವಾರ ಮಗನೊಂದಿಗೆ ಪಂದ್ಯ ಕಟ್ಟಿ ಮರಳಿನಲ್ಲಿ ಓಡುವ ನಲವತ್ತರ ತಂದೆಗೆ ಅಪಾಯ ಮಗನಿಗಿಂತ ಹೆಚ್ಚು.

ಶುರುಮಾಡುವುದು ಹೇಗೆ?

ಮೊದಲ ವಾರ ಓಟವೇ ಬೇಡ. ಅಲೆ ಬಂದು ಹೋದ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಅಲ್ಲಿ ಹತ್ತು ಹದಿನೈದು ನಿಮಿಷ ಬರಿಗಾಲಲ್ಲಿ ನಡೆಯಿರಿ. ದಂಡೆ ಸಮುದ್ರದ ಕಡೆಗೆ ಇಳಿಜಾರಾಗಿರುವುದರಿಂದ ಒಂದು ಕಾಲು ತಗ್ಗಿನಲ್ಲಿ, ಇನ್ನೊಂದು ದಿಬ್ಬದಲ್ಲಿ ಬೀಳುತ್ತದೆ. ಹೋದಷ್ಟೇ ದೂರ ಹಿಂದಿರುಗಿ ಬಂದರೆ ಎರಡೂ ಸೊಂಟಕ್ಕೆ ಸಮನಾಗುತ್ತದೆ. ಇಳಿಜಾರು ತೀರ ಹೆಚ್ಚಿದ್ದ ಕಡೆ ಓಡಬೇಡಿ. ಮಳೆಗಾಲದ ಅಲೆಗಳು ಮರಳನ್ನು ಕೊರೆದು ಒಯ್ಯುವುದರಿಂದ ಆಗ ದಂಡೆ ಕಡಿದಾಗಿರುತ್ತದೆ. ಚಳಿಗಾಲಕ್ಕೆ ಮರಳು ಮರಳಿ ಬಂದು ದಂಡೆ ಅಗಲವಾಗುತ್ತದೆ, ಸಮತಟ್ಟಾಗುತ್ತದೆ. ಕ್ರೀಡಾಕೂಟದ ಕಾಲವೂ ಅದೇ ಆಗಿರುವುದು ನಮ್ಮ ಅದೃಷ್ಟ.

ಎರಡನೆಯ ವಾರದಿಂದ ಒಣ ಮರಳಿಗೆ ಬನ್ನಿ. ಐದು ನಿಮಿಷ ನಡೆದು ಮೈ ಬಿಸಿಯಾದ ಮೇಲೆ 15-20 ಮೀಟರ್ ದೂರದ ಓಟ ನಾಲ್ಕು ಸಲ ಸಾಕು. ಪ್ರತಿ ಓಟದ ನಡುವೆ ಉಸಿರು ಪೂರ್ತಿ ಹದಕ್ಕೆ ಬರುವ ತನಕ ನಿಲ್ಲಿ. ಏದುಸಿರು ಬಿಡುತ್ತಾ ಓಡುವುದರಿಂದ ದಣಿವು ಬರುತ್ತದೆಯೇ ಹೊರತು ಬಲ ಬರುವುದಿಲ್ಲ. ಮುಂದಿನ ವಾರಗಳಲ್ಲಿ ಇದನ್ನು ಆರು ಎಂಟಕ್ಕೆ ಏರಿಸಬಹುದು. ಜತೆಗೆ ಏಡಿಯಂತೆ ಬಲಕ್ಕೆ ಎಡಕ್ಕೆ ಅಡ್ಡ ಹೆಜ್ಜೆ, ಎರಡೂ ಕಾಲು ಜೋಡಿಸಿ ನಿಂತಲ್ಲಿಂದ ಮುಂದಕ್ಕೆ ಐದಾರು ನೆಗೆತ, ಚಪ್ಪಲಿಗಳನ್ನು ಎರಡೆರಡು ಮೀಟರಿಗೆ ಇಟ್ಟು ಅವುಗಳ ನಡುವೆ ಹಾವಿನಂತೆ ಸುತ್ತಿ ಓಡುವುದು. ತಿರುಗುವಾಗ ಪಾದವನ್ನು ಎತ್ತಿ ತಿರುಗಿಸಿ. ಪಾದ ಮರಳಿನಲ್ಲಿ ಹೂತಿರುವಂತೆಯೇ ಮೈ ತಿರುಗಿಸಿದರೆ ಮೊಣಗಂಟಿನೊಳಗಿನ ಗಾದಿಗೆ ಏಟು. ಎಲ್ಲ ಸೇರಿ ಇಪ್ಪತ್ತು ನಿಮಿಷ. ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು. ಪಣಂಬೂರಿನ ತನಕ ಹೋಗಿ ಇಪ್ಪತ್ತೇ ನಿಮಿಷವೇ ಎಂದು ಹೊಟ್ಟೆ ಉರಿಸಿಕೊಳ್ಳಬೇಡಿ. ಉಳಿದ ಹೊತ್ತು ಗೂಡು ಕಟ್ಟಿ ಆಡಲಿ.

ಹತ್ತು ವರ್ಷದ ಕೆಳಗಿನ ಮಕ್ಕಳಿಗೆ ಈ ಲೆಕ್ಕಾಚಾರ ಯಾವುದೂ ಬೇಡ. ಲಗೋರಿ, ಮುಟ್ಟಾಟ ಆಡಿದರೆ ಮೇಲೆ ಹೇಳಿದ್ದೆಲ್ಲ ಅದರಲ್ಲೇ ಬರುತ್ತದೆ, ದಣಿದಾಗ ಅವರೇ ಕೂರುತ್ತಾರೆ.

ಇಂಥ ಅಭ್ಯಾಸ ನಾಲ್ಕರಿಂದ ಆರು ವಾರ ನಡೆಯಲಿ. ಕ್ರೀಡಾಕೂಟಕ್ಕೆ ಹತ್ತು ಹನ್ನೆರಡು ದಿನ ಇರುವಾಗ ಮರಳನ್ನು ಬಿಟ್ಟು ಪೂರ್ತಿಯಾಗಿ ಮೈದಾನಕ್ಕೆ ಅಥವಾ ಟ್ರ್ಯಾಕಿಗೆ ಮರಳಬೇಕು. ನಮ್ಮ ಬಹುಪಾಲು ಪಾಲಕರು ತಪ್ಪುವುದು ಇಲ್ಲೇ. ಕೊನೆಯ ವಾರ ಇನ್ನಷ್ಟು ಬಲ ಬರಲಿ ಎಂದು ಮರಳಿನ ಓಟ ಹೆಚ್ಚಿಸುತ್ತಾರೆ. ಮಾಡಬೇಕಾದ್ದು ಅದರ ತಿರುವುಮುರುವು: ಗಳಿಸಿದ ಬಲವನ್ನು ಗಟ್ಟಿ ನೆಲದ ಪುಟಿತಕ್ಕೆ ಹೊಂದಿಸಿಕೊಳ್ಳಲು ಕಾಲಿಗೆ ಆ ದಿನಗಳು ಬೇಕು.

ಬರಿಗಾಲೋ ಬೂಟೋ ಎಂದು ಕೆಲವರು ಕೇಳುವುದುಂಟು. ಮರಳು ಶುಭ್ರವಾಗಿದ್ದರೆ ಬರಿಗಾಲು ಒಳ್ಳೆಯದು, ಬೆರಳುಗಳು ಮರಳನ್ನು ಹಿಡಿದು ಕೆಲಸ ಮಾಡುತ್ತವೆ. ಸದಾ ಬೂಟಿನಲ್ಲಿರುವ ಮಕ್ಕಳ ಅಂಗಾಲು ಮೆತ್ತಗಿರುತ್ತದೆ, ಅಂಥವರು ಮೊದಲ ಒಂದೆರಡು ವಾರ ಹಳೆಯ ಕ್ಯಾನ್ವಾಸ್ ಬೂಟು ಹಾಕಲಿ.

ಸಮುದ್ರಕ್ಕೆ ಹೋಗಲಾಗದವರು

ಕದ್ರಿಯಿಂದ ಪಣಂಬೂರು ಹತ್ತು ಕಿಲೋಮೀಟರಿನ ಆಚೀಚೆ. ವಾರಕ್ಕೆರಡು ಸಲ ಎಲ್ಲರಿಗೂ ಆಗುವ ಮಾತಲ್ಲ. ಆದರೆ ಹೆಚ್ಚಿನ ಪ್ರೌಢಶಾಲೆಗಳಲ್ಲಿ ಉದ್ದ ಜಿಗಿತದ ಹೊಂಡ ಇದ್ದೇ ಇರುತ್ತದೆ. ನಿಯಮದಂತೆ ಅದರ ಅಗಲ 2.75ರಿಂದ 3 ಮೀಟರ್. ಓಟಕ್ಕೆ ಸಾಲದಾದರೂ ನೆಗೆತ, ಅಡ್ಡ ಹೆಜ್ಜೆ, ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸಕ್ಕೆ ಧಾರಾಳ. ದೈಹಿಕ ಶಿಕ್ಷಕರ ಅನುಮತಿ ಪಡೆದು, ಹೊಂಡವನ್ನು ಮೊದಲು ಗುದ್ದಲಿಯಿಂದ ಸಡಿಲಿಸಿ, ಕಲ್ಲು ಗಾಜು ಆರಿಸಿ ತೆಗೆದು ಉಪಯೋಗಿಸಿ. ವರ್ಷವಿಡೀ ಮುಟ್ಟದ ಹೊಂಡ ಮಳೆಗೆ ಗಟ್ಟಿಯಾಗಿ ಸಿಮೆಂಟಿನಂತಿರುತ್ತದೆ, ಅದರಲ್ಲಿ ನೆಗೆದರೆ ಲಾಭಕ್ಕಿಂತ ಪೆಟ್ಟೇ ಹೆಚ್ಚು. ಮನೆ ಕಟ್ಟುವಲ್ಲಿ ರಾಶಿ ಹಾಕಿದ ಎಂ-ಸ್ಯಾಂಡಿನಲ್ಲಿ ಮಕ್ಕಳನ್ನು ಓಡಿಸುವುದು ಬೇಡ. ಅದು ಕಲ್ಲನ್ನು ಯಂತ್ರದಲ್ಲಿ ಪುಡಿ ಮಾಡಿದ್ದು. ಕಾಳುಗಳು ನದಿಯ ಹೊಯ್ಗೆಯಂತೆ ಉರುಟಾಗಿರದೆ ಚೂಪಾಗಿರುತ್ತವೆ, ಅದರ ಧೂಳು ಶ್ವಾಸಕೋಶಕ್ಕೂ ಒಳ್ಳೆಯದಲ್ಲ.

ಅದೂ ಇಲ್ಲವೆಂದರೆ ಕದ್ರಿಯವರಿಗೆ ಗುಡ್ಡವೇ ಇದೆಯಲ್ಲ. ದೇವಸ್ಥಾನದ ಮೇಲುಗಡೆ ಜೋಗಿ ಮಠದ ಕಡೆಗೆ ಏರುವ ಮೆಟ್ಟಿಲುಗಳನ್ನು ಹತ್ತಿದರೂ ತೊಡೆ, ಪೃಷ್ಠಗಳಿಗೆ ಮರಳಿನಂಥದೇ ದುಡಿಮೆ. ಹತ್ತುವಾಗ ಪಾದಕ್ಕೆ ಪೆಟ್ಟು ಕಡಿಮೆ, ಸ್ನಾಯುವಿಗೆ ಕೆಲಸ ಜಾಸ್ತಿ. ಇಳಿಯುವಾಗ ಮಾತ್ರ ನಿಧಾನವಾಗಿ ನಡೆದೇ ಇಳಿಯಿರಿ. ಭಕ್ತರು ಓಡಾಡುವ ಜಾಗವಾದ್ದರಿಂದ ಅವರಿಗೆ ತೊಂದರೆಯಾಗದ ಹೊತ್ತು ನೋಡಿಕೊಳ್ಳಬೇಕು ಎಂದು ಹೇಳಬೇಕಾಗಿಲ್ಲ.

ಹಿರಿಯರು, ಮಧುಮೇಹಿಗಳು

ಮರಳಿನಲ್ಲಿ ನಡೆಯಲು ಎರಡು ಪಟ್ಟಿಗೂ ಮೀರಿ ಶಕ್ತಿ ಬೇಕೆಂದು ಆಗಲೇ ಹೇಳಿದೆನಲ್ಲ. ದಿನವೂ ಕದ್ರಿ ಪಾರ್ಕಿನಲ್ಲಿ ಅರ್ಧ ಗಂಟೆ ಸಲೀಸಾಗಿ ನಡೆಯುವ ಅರವತ್ತೈದರ ಹಿರಿಯರು, ಅದೇ ವೇಗದಲ್ಲಿ ಒಣ ಮರಳಿನಲ್ಲಿ ಅರ್ಧ ಗಂಟೆ ನಡೆದರೆ ಹೃದಯದ ಲೆಕ್ಕದಲ್ಲಿ ಅದು ನಡಿಗೆಯಲ್ಲ, ಓಟ. ಹೃದ್ರೋಗ, ಏರಿದ ರಕ್ತದೊತ್ತಡ ಇರುವವರು, ಸ್ಟೆಂಟ್ ಹಾಕಿಸಿಕೊಂಡವರು ಒದ್ದೆ ಮರಳಿನ ಅಂಚಿನಲ್ಲೇ, ಮಾತಾಡುತ್ತಾ ನಡೆಯಬಲ್ಲ ವೇಗದಲ್ಲಿ ನಡೆಯಲಿ. ಎದೆ ಬಿಗಿದರೆ, ದವಡೆ ಅಥವಾ ಎಡಗೈಗೆ ನೋವು ಹರಿದರೆ ಅಲ್ಲೇ ಕೂತು ಜತೆಯವರನ್ನು ಕರೆಯಬೇಕು, ಕಾರಿನ ತನಕ ನಡೆದು ಹೋಗೋಣ ಎನ್ನಬಾರದು. ಮೊಣಗಂಟು ಸವೆದವರಿಗೂ ಒದ್ದೆಯಾದ ಸಮತಟ್ಟು ಮರಳೇ ಸರಿ. ಆಳದ ಮರಳಿನಲ್ಲಿ ಪೆಟ್ಟು ಕಡಿಮೆಯಾದರೂ ಕಾಲು ಅತ್ತಿತ್ತ ವಾಲಿ ಗಂಟು ಇನ್ನಷ್ಟು ನೋಯುತ್ತದೆ.

ಮಧುಮೇಹಿಗಳಿಗೆ ಮಾತ್ರ ಒಂದು ಮಾತನ್ನು ಒತ್ತಿ ಹೇಳಬೇಕು. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದವರ ಪಾದದ ಸ್ಪರ್ಶಜ್ಞಾನ ಅವರಿಗೇ ತಿಳಿಯದಂತೆ ಕುಂದಿರುತ್ತದೆ. ಬಿಸಿಲಿನಲ್ಲಿ ಒಣ ಮರಳಿನ ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಉಳಿದವರು "ಅಯ್ಯೋ ಸುಡು" ಎಂದು ನೀರಿಗೆ ಓಡುವಾಗ ಇವರು ಹಾಯಾಗಿ ನಡೆಯುತ್ತಿರುತ್ತಾರೆ. ಮನೆಗೆ ಬಂದ ಮೇಲೆ ಅಂಗಾಲಿನಲ್ಲಿ ಬೊಬ್ಬೆ, ಕೆಲವು ದಿನಗಳಲ್ಲಿ ಹುಣ್ಣು. ಒಂದು ಚಿಪ್ಪಿನ ಚೂರು ಚುಚ್ಚಿದ್ದೂ ಗೊತ್ತಾಗದೆ ಬೆರಳನ್ನೇ ಕಳೆದುಕೊಳ್ಳುವ ಹಂತ ಮುಟ್ಟುವವರಿದ್ದಾರೆ. ಮಧುಮೇಹಿಗಳು ಕಡಲತೀರದಲ್ಲಿ ಎಷ್ಟೇ ಆಸೆಯಾದರೂ ಬರಿಗಾಲಲ್ಲಿ ನಡೆಯಬಾರದು. ಮನೆಗೆ ಬಂದು ಕಾಲು ತೊಳೆದು, ಬೆರಳ ಸಂದಿಯ ಮರಳು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಕಣ್ಣು ಮಂಜಾಗಿದ್ದರೆ ಮನೆಯವರು ನೋಡಲಿ.

ಹೊರಡುವ ಮುಂಚೆ

ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ. ನಮ್ಮ ಊರಿನ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ನೀರಿನ ಬಾಟಲಿ ಜತೆಗಿರಲಿ. ಓಡಿ ಬಂದ ಮೇಲೆ ದುಬಾರಿ ಪಾನೀಯಗಳ ಅಗತ್ಯವಿಲ್ಲ. ಒಂದು ಬೊಂಡ, ಮನೆಗೆ ಬಂದು ಉಪ್ಪು ಹಾಕಿದ ಕುಚಲಕ್ಕಿ ಗಂಜಿ, ಹೆಸರಿನ ಪಲ್ಯವೋ ಬೂತಾಯಿ ಸಾರೋ ಇದ್ದರೆ ಮಗುವಿನ ಸ್ನಾಯುವಿಗೆ ಬೇಕಾದ್ದೆಲ್ಲ ಸಿಕ್ಕಿತು.

ನಾಯಿಗಳು ಮಲಗುವ, ಕಸ ಬೀಳುವ ಮೇಲಿನ ಮರಳಿನಲ್ಲಿ ನಾಯಿಯ ಕೊಕ್ಕೆಹುಳದ ಮರಿಗಳಿರಬಹುದು. ಅವು ಅಂಗಾಲಿನ ಚರ್ಮ ಹೊಕ್ಕು, ಕೆಂಪಗೆ ಅಂಕುಡೊಂಕಾದ ಗೆರೆ ಎಳೆದಂತೆ ದಿನದಿನ ಸರಿಯುತ್ತವೆ, ವಿಪರೀತ ತುರಿಕೆ. ಹುಳುಕಡ್ಡಿ ಎಂದು ಮುಲಾಮು ಹಚ್ಚುತ್ತಾ ತಿಂಗಳು ಕಳೆಯುವವರಿದ್ದಾರೆ. ವೈದ್ಯರಿಗೆ ತೋರಿಸಿದರೆ ಗುಳಿಗೆಯಲ್ಲಿ ವಾಸಿಯಾಗುತ್ತದೆ. ಅಲೆ ತೊಳೆದ ಮರಳಿನಲ್ಲಿ ಈ ಭಯ ಕಡಿಮೆ. ಗಾಜು, ತುಕ್ಕು ಹಿಡಿದ ಗಾಳ, ಮೀನಿನ ಮುಳ್ಳು ಚುಚ್ಚಿದರೆ ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆದು ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಅದೇ ದಿನ ವಿಚಾರಿಸಿ. ಸರಕಾರದ ಲಸಿಕಾ ಕ್ರಮದಲ್ಲಿ 10ನೇ ಮತ್ತು 16ನೇ ವಯಸ್ಸಿಗೆ ಟಿಡಿ ಲಸಿಕೆ ಇದೆ. ನಿಮ್ಮ ಮಗುವಿಗೆ ಹಾಕಿಸಿದ್ದು ನೆನಪಿದೆಯೇ? ಕಾರ್ಡು ತೆಗೆದು ನೋಡಿ.

ಓಡಿ ಬೆವತ ಮಕ್ಕಳು ಕೂಡಲೇ ನೀರಿಗಿಳಿಯಲು ಹಟ ಹಿಡಿಯುತ್ತಾರೆ. ದಣಿದ ಕಾಲು ಅಲೆಯ ಸೆಳೆತವನ್ನು ತಡೆಯಲಾರದು. ಸೋಮೇಶ್ವರದಂಥ ಬಂಡೆಗಳ ತೀರದಲ್ಲಂತೂ ಇಳಿಯಲೇಬಾರದು. ಬೇರೆಡೆಗಳಲ್ಲೂ ಜೀವರಕ್ಷಕರಿದ್ದ ಜಾಗದಲ್ಲಿ, ಅವರು ಬೇಡ ಎಂದಾಗ ಬೇಡ. ಮೊಣಕಾಲಿನ ತನಕ ನೀರಿನಲ್ಲಿ ನಿಂತು ಕಾಲು ತಣಿಸಿಕೊಂಡರೆ ಸಾಕು. ಮೀನಖಂಡದ ಬಿಗುವು ಸಡಿಲಾಗಲು ಅದೇ ಒಳ್ಳೆಯ ಉಪಾಯ.